ಫಿಟ್‌ನೆಸ್ ಡಿಗ್ರಿಗೆ ನಾಲ್ಕೂವರೆ ಲಕ್ಷ ಸುರಿದೆ: ದುಡ್ಡು ಕಟ್ಟೋ ಮುಂಚೆ ಒಮ್ಮೆ ಓದಿ

ಮೊನ್ನೆ ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ ಹೊಸ ಫ್ಲೆಕ್ಸ್ ಒಂದು ಕಣ್ಣಿಗೆ ಬಿತ್ತು. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮಿಂಚುತ್ತಿರುವ ಹುಡುಗ, ಪಕ್ಕದಲ್ಲಿ ಡಂಬಲ್ ಹಿಡಿದ ಹುಡುಗಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಫಿಟ್‌ನೆಸ್ ಸೈನ್ಸ್ ಡಿಗ್ರಿ, ಕೆಲಸ ಗ್ಯಾರಂಟಿ'. ಅಕಾಡೆಮಿಯ ಹೆಸರು ಬದಲಾಗಿದೆ, ಫೋನ್ ನಂಬರ್ ಮಾತ್ರ ಅದೇ. ನಾಲ್ಕು ವರ್ಷದ ಹಿಂದೆ ನಾನು ಫೋನ್ ಹಚ್ಚಿದ್ದೂ ಅದೇ ನಂಬರಿಗೆ. ಪಿಯುಸಿ ರಿಸಲ್ಟ್ ಬಂದಿರುವ ಹೊತ್ತು, ಅದಕ್ಕೇ ತಡ ಮಾಡದೆ ಬರೆಯುತ್ತಿದ್ದೇನೆ.

ನಮ್ಮದು ಸಿರುಗುಪ್ಪ ಕಡೆಯ ಹಳ್ಳಿ. ಅಪ್ಪ ಭತ್ತ, ಮೆಣಸಿನಕಾಯಿ ಬೆಳೆಯುತ್ತಾರೆ. ನಾನು ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವನು, ಜಿಲ್ಲಾ ಮಟ್ಟದವರೆಗೂ ಹೋಗಿದ್ದೆ. ಪಿಟಿ ಮೇಷ್ಟ್ರಾಗಬೇಕು ಅನ್ನೋದು ಆಗಿನಿಂದಲೂ ಆಸೆ. (ಈಗ ನಾನು ಕೆಲಸ ಮಾಡುವ ಜಿಮ್ಮಿನಲ್ಲಿ ಪಿಟಿ ಅಂದರೆ ಪರ್ಸನಲ್ ಟ್ರೇನಿಂಗ್. ಆ ಎರಡಕ್ಷರ ನನ್ನ ಬೆನ್ನು ಬಿಟ್ಟಿಲ್ಲ.)

ಅಕಾಡೆಮಿಯವರು ಅಪ್ಪನನ್ನು ಎಸಿ ರೂಮಿನಲ್ಲಿ ಕೂರಿಸಿ ಬಾದಾಮಿ ಹಾಲು ಕೊಟ್ಟರು. "ಯಜಮಾನ್ರೇ, ಇದು ಬಿಎಸ್ಸಿನೇ. ಹೊರರಾಜ್ಯದ ದೊಡ್ಡ ಯೂನಿವರ್ಸಿಟಿ, ನಮ್ಮದು ಇಲ್ಲಿನ ಸ್ಟಡಿ ಸೆಂಟರ್. ಇದಾದ ಮೇಲೆ ಹುಡುಗ ಪಿಟಿ ಮೇಷ್ಟ್ರ ಕೋರ್ಸು ಬಿ.ಪಿ.ಎಡ್ ಮಾಡಬಹುದು, ಜಿಮ್ ಇಡಬಹುದು, ದುಬೈಗೂ ಹೋಗಬಹುದು" ಅಂದರು. ಮೂರು ವರ್ಷಕ್ಕೆ 3,60,000 ರೂಪಾಯಿ. ಆ ವರ್ಷದ ಮೆಣಸಿನಕಾಯಿ ದುಡ್ಡಲ್ಲಿ 60,000 ಅಲ್ಲೇ ಕಟ್ಟಿದೆವು. ಉಳಿದ 3 ಲಕ್ಷಕ್ಕೆ ನಮ್ಮೂರ ಬ್ಯಾಂಕಿಗೆ ಹೋದೆವು.

ನಾನು ಎಡವಿದ್ದು ಇಲ್ಲೇ. ಬ್ಯಾಂಕ್ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ಕೋರ್ಸಿನ ಮಾನ್ಯತೆ ಪತ್ರ ತಗೊಂಡು ಬಾರಪ್ಪ." ಅಕಾಡೆಮಿಗೆ ಬಂದು ಕೇಳಿದರೆ, "ಬ್ಯಾಂಕಿನವರು ಹಂಗೇ, ಸುಮ್ನೆ ಅಲೆದಾಡಿಸ್ತಾರೆ. ಲೋನ್ ನಾವೇ ಮಾಡಿಸಿಕೊಡ್ತೀವಿ" ಅಂದರು. ಮ್ಯಾನೇಜರ್ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆ ಇಡೀ ಕಥೆಯಲ್ಲಿ ನನ್ನಿಂದ ಒಂದು ಪೈಸೆ ತಗೊಳ್ಳದೆ ನಿಜ ಹೇಳಿದ ಮನುಷ್ಯ ಅವರೊಬ್ಬರೇ.

ಅಕಾಡೆಮಿ ಮಾಡಿಸಿದ ಲೋನ್ ಒಂದು ಫೈನಾನ್ಸ್ ಕಂಪನಿಯದು. ಅಪ್ಪನ ಆಧಾರ್, ಪ್ಯಾನ್, ಒಂದು ಓಟಿಪಿ, ಟ್ಯಾಬ್ ಮೇಲೆ ಬೆರಳಲ್ಲಿ ಒಂದು ಸಹಿ. ಹತ್ತು ನಿಮಿಷದ ಕೆಲಸ. ಮೂರೂ ವರ್ಷದ ದುಡ್ಡು ಒಟ್ಟಿಗೇ ಅಕಾಡೆಮಿ ಖಾತೆಗೆ ಹೋಯಿತು. ಬ್ಯಾಂಕಿನ ಶಿಕ್ಷಣ ಸಾಲ ಆಗಿದ್ದರೆ ಓದು ಮುಗಿದು ಮತ್ತೊಂದು ವರ್ಷದವರೆಗೆ ಕಂತು ಕಟ್ಟೋದು ಶುರುವಾಗುತ್ತಿರಲಿಲ್ಲ, 4 ಲಕ್ಷದವರೆಗೆ ಅಡಮಾನವನ್ನೂ ಕೇಳುವುದಿಲ್ಲ. ಇಲ್ಲಿ ಮುಂದಿನ ತಿಂಗಳ 5ನೇ ತಾರೀಖಿಗೇ ಕಂತು ಶುರು. ಶೇ. 14 ಬಡ್ಡಿ, 48 ತಿಂಗಳು, ತಿಂಗಳಿಗೆ 8,200. ಕೂಡಿಸಿ ನೋಡಿ, ಲೋನಿಗೆ 3,93,600, ಮೊದಲೇ ಕಟ್ಟಿದ 60,000 ಬೇರೆ. ಒಟ್ಟು 4,53,600.

ಪಾಠದ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಭಾನುವಾರ ಬರುತ್ತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಕೌಲ್ ಬಜಾರಿನಿಂದ ಕೋಳಿಕಾಲು ತಂದು, ಚರ್ಮ ಬಿಡಿಸಿ, ಬಿಳಿ ನರದಂಥ ಎಳೆಯನ್ನು ಚಿಮಟದಲ್ಲಿ ಎಳೆಯುತ್ತಿದ್ದರು. ಎಳೆದಾಗ ಕೋಳಿಯ ಬೆರಳು ಮಡಚುತ್ತಿತ್ತು. "ಇದೇ ಟೆಂಡನ್. ಇದಕ್ಕೆ ಪೆಟ್ಟಾದರೆ ಮಸಾಜ್ ಮಾಡಿ ಶೂರರಾಗಬೇಡಿ, ಡಾಕ್ಟರ್ ಹತ್ರ ಕಳಿಸಿ" ಅನ್ನುತ್ತಿದ್ದರು. ಕಲಿತದ್ದು ಅಂದರೆ ಅದೇ. ಎರಡನೇ ವರ್ಷ ಸಂಬಳ ಕೊಡಲಿಲ್ಲ ಅಂತ ಅವರೂ ಬಿಟ್ಟುಹೋದರು.

ಮೂರು ವರ್ಷ ಮುಗಿದು ಸರ್ಟಿಫಿಕೇಟ್ ಬಂತು. ಹೊಳೆಯುವ ಹಾಲೋಗ್ರಾಂ ಬೇರೆ. ಬಿ.ಪಿ.ಎಡ್ ಸೀಟಿಗೆ ಒಂದು ಕಾಲೇಜಿಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ಸರ್ಟಿಫಿಕೇಟನ್ನು ಎರಡು ಸಲ ತಿರುಗಿಸಿ ನೋಡಿದರು. ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. "ನೋಡು ತಮ್ಮಾ, ಯೂನಿವರ್ಸಿಟಿ ಇದೆ. ನಿನ್ನ ಕೋರ್ಸ್ ಇಲ್ಲ."

ಆ ಮಾತು ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ನಾನು ಸೇರುವಾಗ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ ನಕಲಿ ಯೂನಿವರ್ಸಿಟಿಗಳ ಪಟ್ಟಿ ನೋಡಿದ್ದೆ. ಅದರಲ್ಲಿ ಇವರ ಹೆಸರು ಇರಲಿಲ್ಲ, ಸದ್ಯ ಅಂದುಕೊಂಡಿದ್ದೆ. ಆದರೆ ಯೂನಿವರ್ಸಿಟಿ ಅಸಲಿಯಾಗಿದ್ದರೆ ಸಾಲದು. ನಮ್ಮ ಕೋರ್ಸಿನಂಥ ದೂರಶಿಕ್ಷಣಕ್ಕೆ ಯುಜಿಸಿಯ ಅನುಮತಿ ಕೋರ್ಸ್ ಕೋರ್ಸಿಗೂ ಬೇರೆ, ಯಾವ ವರ್ಷದ ಅಡ್ಮಿಷನ್ನಿಗೆ ಅನ್ನೋದೂ ಲೆಕ್ಕ. ಒಂದು ರಾಜ್ಯದ ಖಾಸಗಿ ಯೂನಿವರ್ಸಿಟಿ ಇನ್ನೊಂದು ರಾಜ್ಯದಲ್ಲಿ ಅಕಾಡೆಮಿಗಳಿಗೆ ಫ್ರಾಂಚೈಸಿ ಕೊಟ್ಟು ಡಿಗ್ರಿ ಹಂಚುವ ಹಾಗೂ ಇಲ್ಲ. ಇದೆಲ್ಲ ಯುಜಿಸಿ ವೆಬ್‌ಸೈಟಿನಲ್ಲೇ ಇದೆ. ನಾನು ನೋಡಿದ್ದು ತಪ್ಪು ಪಟ್ಟಿ.

ಇನ್ನೊಂದು ಸಂಕಟ ಕೇಳಿ. ಬಿ.ಪಿ.ಎಡ್ಡಿಗೆ ಫಿಟ್‌ನೆಸ್ ಡಿಗ್ರಿಯೇ ಬೇಕು ಅಂತ ಎಲ್ಲೂ ಇಲ್ಲ! ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ, ಅಂದರೆ ಎನ್‌ಸಿಟಿಇ, 2014ರಲ್ಲಿ ಮಾಡಿದ ನಿಯಮದಲ್ಲಿ ಯಾವುದೇ ಡಿಗ್ರಿಯಲ್ಲಿ ಶೇ. 50 ಅಂಕ, ಜೊತೆಗೆ ಆಟದಲ್ಲಿ ಭಾಗವಹಿಸಿದ ಸರ್ಟಿಫಿಕೇಟ್ ಇದ್ದರೆ ಸಾಕು. ಜಿಲ್ಲಾ ಮಟ್ಟದ್ದೂ ನಡೆಯುತ್ತದೆ. ನನ್ನ ಕಬಡ್ಡಿ ಸರ್ಟಿಫಿಕೇಟ್ ಟ್ರಂಕಿನಲ್ಲೇ ಇತ್ತು. ನನ್ನ ಜೊತೆ ರೇಡ್ ಮಾಡುತ್ತಿದ್ದ ಗೆಳೆಯ ಸರ್ಕಾರಿ ಕಾಲೇಜಿನಲ್ಲಿ ಬಿಎ ಮಾಡಿ, ಈಗ ಬಿ.ಪಿ.ಎಡ್ಡಿನ ಎರಡನೇ ವರ್ಷದಲ್ಲಿದ್ದಾನೆ. ಮುಂದೆ ಪೋಸ್ಟ್ ಕರೆದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಅವನ 371ಜೆ ಸರ್ಟಿಫಿಕೇಟಿಗೆ ಬೆಲೆ ಬರುತ್ತದೆ. ನನ್ನ ಹತ್ತಿರವೂ ಅದು ಇದೆ, ಅದರ ಜೊತೆ ಇಡೋಕೆ ಡಿಗ್ರಿ ಇಲ್ಲ.

ಹೋಗಲಿ, ಜಿಮ್ ಇದೆಯಲ್ಲ ಅಂತೀರಾ? ಬಳ್ಳಾರಿಯಲ್ಲಿ ನನಗೆ ಸಿಕ್ಕ ಸಂಬಳ 12,000. ಓನರ್ ಆ ಸರ್ಟಿಫಿಕೇಟ್ ಮುಟ್ಟಲೂ ಇಲ್ಲ. "ಎಷ್ಟು ಜನ ಕ್ಲೈಂಟ್ಸ್ ತರ್ತೀಯ?" ಅಂದರು. ಮೂರು ತಿಂಗಳ ಟ್ರೇನರ್ ಕೋರ್ಸ್ ಮಾಡಿದ ಹುಡುಗನಿಗೂ ಅಷ್ಟೇ ಪಗಾರ. ಬೆಂಗಳೂರಿನ ಎರಡು ದೊಡ್ಡ ಜಿಮ್‌ಗಳಲ್ಲಿ ವಿಚಾರಿಸಿದೆ. ಅಲ್ಲಿ ಕೇಳಿದ್ದು ಅಮೆರಿಕದ ಸಂಸ್ಥೆಗಳು ಕೊಡುವ ಏಸ್ ಅಥವಾ ಎನ್‌ಎಎಸ್‌ಎಂನಂಥ ಟ್ರೇನರ್ ಸರ್ಟಿಫಿಕೇಟ್, ಹೃದಯ ನಿಂತವರಿಗೆ ಎದೆ ಒತ್ತುವ ಸಿಪಿಆರ್ ಬರುತ್ತಾ ಅಂತ. ಅವೂ ಅಗ್ಗವಲ್ಲ, 2 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ಆದರೂ ಮೂರು ವರ್ಷ ತಿನ್ನುವುದಿಲ್ಲ ಅಲ್ವಾ.

12,000ದಲ್ಲಿ 8,200 ಕಂತು. ಉಳಿಯೋದು 3,800. ಅದರಲ್ಲಿ ರೂಮ್ ಬಾಡಿಗೆ, ಊಟ. ಕ್ಲೈಂಟ್‌ಗಳಿಗೆ ದಿನಕ್ಕೆ ಇಷ್ಟು ಪ್ರೋಟೀನ್ ತಿನ್ನಿ ಅಂತ ಹೇಳಿ, ನಾನು ರಾತ್ರಿ ಒಗ್ಗರಣೆ ಮಂಡಕ್ಕಿ, ಒಂದು ಮಿರ್ಚಿ ತಿಂದು ಮಲಗಿದ ದಿನಗಳು ಬಹಳ. ಎರಡು ಕಂತು ತಪ್ಪಿದ್ದಕ್ಕೆ ಅಪ್ಪನ ಸಿಬಿಲ್ ಸ್ಕೋರ್ ಬಿತ್ತು. ಬೆಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ತೋರಿಸಿದರು. ಅಪ್ಪ ಮನೆಗೆ ಬಂದು ಏನೂ ಅನ್ನಲಿಲ್ಲ, ಎತ್ತಿಗೆ ನೀರು ಕುಡಿಸೋಕೆ ಹೋದರು.

ದುಡ್ಡು ವಾಪಸ್ ಕೇಳಿದ್ದೂ ಆಯಿತು. ಅಡ್ಮಿಷನ್ ಬಿಟ್ಟವರಿಗೆ ಫೀಸ್ ಹಿಂದಿರುಗಿಸಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅದನ್ನು ತೋರಿಸಿದರೆ, "ಅದು ಕಾಲೇಜುಗಳಿಗೆ, ನಮ್ಮದು ಅಕಾಡೆಮಿ" ಅಂದರು. ಸೇರಿಸಿಕೊಳ್ಳುವಾಗ ಕಾಲೇಜು, ದುಡ್ಡು ಕೇಳಿದಾಗ ಅಕಾಡೆಮಿ. 'ವೆರಿಫಿಕೇಶನ್' ಅಂತ ಇಟ್ಟುಕೊಂಡಿದ್ದ ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ವಾಪಸ್ ಬಂದಿದ್ದು ವಕೀಲರ ನೋಟಿಸ್ ಹೋದ ಮೇಲೆಯೇ.

ಯಾರಾದರೂ ಹೀಗೇ ಸಿಕ್ಕಿಕೊಂಡಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಆದರೆ 2 ವರ್ಷದೊಳಗೆ ಹಾಕಬೇಕು, ರಸೀದಿ ಎಸೆಯಬೇಡಿ. ನಾನು ಹಾಕಿದ್ದೇನೆ, ಇನ್ನೂ ನಡೆಯುತ್ತಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಎಗೆ ಹೊಸದಾಗಿ ಸೇರಿದ್ದೇನೆ. ಈ ಸಲ ಯೂನಿವರ್ಸಿಟಿ ಹೆಸರಲ್ಲ, ಕೋರ್ಸಿನ ಹೆಸರು, ವರ್ಷ ಎರಡನ್ನೂ ಪಟ್ಟಿಯಲ್ಲಿ ಬೆರಳಿಟ್ಟು ನೋಡಿದೆ. ಲೋನಿನ ನಾಲ್ಕು ಕಂತು ಬಾಕಿ ಇದೆ.