ಹೀಲಿಯಂ ಶುದ್ಧ ಮಾಡೋಕೆ ಯಾವುದು ವಾಸಿ: ದುಬಾರಿ ಸಿಲಿಂಡರಾ, ಟ್ರ್ಯಾಪಾ, ಗೆಟರಾ, ಲಿಕ್ವಿಡ್ ನೈಟ್ರೋಜನ್ನಾ?

ನಮ್ಮ ಲ್ಯಾಬಿನಲ್ಲಿ ಮಾದರಿಯನ್ನು ಹೊತ್ತೊಯ್ಯಲು ಹೀಲಿಯಂ ಬೇಡುವ ಯಂತ್ರಗಳು ಎರಡು. ಒಂದು, ಮೆಣಸಿನಕಾಯಿ, ದ್ರಾಕ್ಷಿಗಳಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಅಂತ ನೋಡುವ ಜಿಸಿ-ಎಂಎಸ್ (ಮಾದರಿಯಲ್ಲಿರುವ ವಸ್ತುಗಳನ್ನು ಬೇರೆ ಮಾಡಿ, ತೂಕ ನೋಡಿ ಗುರುತಿಸುವ ಯಂತ್ರ). ಇನ್ನೊಂದು, ಮಣ್ಣು ಮತ್ತು ಎಲೆಗಳ ನೈಟ್ರೋಜನ್ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್. ಟ್ರ್ಯಾಪ್ ಅಂದರೆ ಲೈನಿನಲ್ಲಿ ಕಲ್ಮಶ ಹೀರುವ ಕೊಳವೆ, ಗೆಟರ್ ಅಂದರೆ ಕಲ್ಮಶವನ್ನು ತನ್ನೊಳಗೆ ಸೇರಿಸಿಕೊಳ್ಳುವ ಬಿಸಿ ಲೋಹ. ನಾಲ್ಕೂ ದಾರಿಗಳನ್ನು ಪ್ರಯತ್ನಿಸಿ ನೋಡಿದ್ದೇನೆ. ಎರಡು ಯಂತ್ರಗಳಿಗೂ ಸೇರಿ ಒಂದೇ ಉತ್ತರ ಸಿಗಲಿಲ್ಲ. ಜಿಸಿ-ಎಂಎಸ್‌ಗೆ ಕಾಟ ಕೊಡುವುದು ಆಕ್ಸಿಜನ್ ಮತ್ತು ತೇವ. ಐಸೊಟೋಪ್ ಯಂತ್ರಕ್ಕೆ ಕಾಟ ಕೊಡುವುದು ನೈಟ್ರೋಜನ್. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಖರೀದಿಗೆ ಹೋದರೆ ಸುಮ್ನೆ ದುಡ್ಡು ದಂಡ.

ಮೊದಲು ಸಿಲಿಂಡರ್ ನೋಡೋಣ. 5.0 ಗ್ರೇಡ್ ಅಂದರೆ 99.999% ಶುದ್ಧ, 6.0 ಅಂದರೆ 99.9999%. 47 ಲೀಟರ್ ಸಿಲಿಂಡರಿಗೆ 150 ಬಾರ್ ಒತ್ತಡದಲ್ಲಿ ಸುಮಾರು 7 ಘನ ಮೀಟರ್ ಅನಿಲ ಹಿಡಿಯುತ್ತದೆ. 5.0 ತಂದರೆ ಅದರಲ್ಲಿ ಕಲ್ಮಶ ಹೆಚ್ಚೆಂದರೆ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು), ಇಡೀ ಸಿಲಿಂಡರಿಗೆ 70 ಮಿಲಿಲೀಟರ್. 6.0 ತಂದರೆ 7 ಮಿಲಿಲೀಟರ್. ಲೆಕ್ಕದಲ್ಲಿ ಹತ್ತು ಪಟ್ಟು ಲಾಭ. ಪರದೆಯ ಮೇಲೆ ನನಗೆ ಅದರ ಸ್ವಲ್ಪ ಭಾಗವೂ ಕಾಣಲಿಲ್ಲ. ಸಿಲಿಂಡರ್ ಬದಲಾಯಿಸುವಾಗ ರೆಗ್ಯುಲೇಟರಿನೊಳಗೆ ಸೇರುವ ಗಾಳಿ, ಸರಿಯಾಗಿ ಕೂರದ ನಟ್ಟು, ಎಲ್ಲೋ ಹಾಕಿದ ಪ್ಲಾಸ್ಟಿಕ್ ಟ್ಯೂಬು, ಇಷ್ಟೇ ಸಾಕು ಆ ಶುದ್ಧತೆಯನ್ನು ಕೆಡಿಸೋಕೆ. ಪೈಪಿನೊಳಗೆ ಒತ್ತಡ ಜಾಸ್ತಿ ಇದೆ, ಗಾಳಿ ಹೇಗೆ ಒಳಗೆ ಬರುತ್ತದೆ ಅಂತ ಹೊಸಬರು ಕೇಳುತ್ತಾರೆ. ಬರುತ್ತದೆ. ಒಳಗೆ ಆಕ್ಸಿಜನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹೊರಗೆ 21% ಇದೆ. ಸಣ್ಣ ಬಿರುಕು ಸಿಕ್ಕರೂ ಅದು ಹರಿವಿಗೆ ಎದುರಾಗಿ ಒಳಗೆ ಸೋರುತ್ತದೆ. ಹಾಗಾಗಿ ನಾನು 6.0 ಬಿಟ್ಟೆ.

ಟ್ರ್ಯಾಪ್‌ಗಳು ಇದಕ್ಕಿಂತ ಎಷ್ಟೋ ವಾಸಿ. ಮೊದಲು ತೇವ ಹೀರುವುದು, ಆಮೇಲೆ ಹೈಡ್ರೊಕಾರ್ಬನ್ ಹೀರುವುದು, ಕೊನೆಗೆ ಆಕ್ಸಿಜನ್ ಟ್ರ್ಯಾಪ್. ಈ ಸರದಿ ತಪ್ಪಿಸಬಾರದು. ತೇವ ಮುಂದೆ ಹೋದರೆ ಆಕ್ಸಿಜನ್ ಟ್ರ್ಯಾಪಿನ ಆಯಸ್ಸು ಬೇಗ ಮುಗಿಯುತ್ತದೆ. ಮೂರನ್ನೂ ಒಂದೇ ಕೊಳವೆಯಲ್ಲಿ ತುಂಬಿದವೂ ಸಿಗುತ್ತವೆ. ಆಯಸ್ಸು ಮುಗಿದಾಗ ಬಣ್ಣ ಬದಲಾಗಿ ತೋರಿಸುವ ಗಾಜಿನ ಕಿಟಕಿ ಇರುವುದನ್ನೇ ಕೊಳ್ಳಿ. ಜಿಸಿ-ಎಂಎಸ್‌ನಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ಓವನ್ ಬಿಸಿಯೇರುವಾಗ ಕಾಲಂನ (ವಸ್ತುಗಳು ಬೇರೆಯಾಗುವ ತೆಳ್ಳನೆ ಕೊಳವೆಯ) ಲೇಪ ಕಿತ್ತು ಬರುವ ಗುರುತು ಮಾಸ್, ಅಂದರೆ ತೂಕದ ಅಂಕಿ, 207 ಮತ್ತು 281. ಟ್ರ್ಯಾಪ್ ಹಾಕಿದ ಮೇಲೆ ಆ ಏರಿಕೆ ಚೆನ್ನಾಗಿ ತಗ್ಗಿತು. ಆದರೆ ಈ ಟ್ರ್ಯಾಪ್‌ಗಳು ನೈಟ್ರೋಜನ್ ಹಿಡಿಯುವುದಿಲ್ಲ. ಐಸೊಟೋಪ್ ಯಂತ್ರದಲ್ಲಿ ನೈಟ್ರೋಜನ್ ತೋರುವ ಮಾಸ್ 28 ಇದ್ದಲ್ಲೇ ಇತ್ತು.

ಟ್ರ್ಯಾಪ್ ಇರುವ ಲೈನಿನಲ್ಲಿ ಸೋರಿಕೆ ಹುಡುಕುವಾಗ ಒಂದು ಎಚ್ಚರ ಬೇಕು. ಸಾಮಾನ್ಯವಾಗಿ 28 (ನೈಟ್ರೋಜನ್) ಮತ್ತು 32 (ಆಕ್ಸಿಜನ್) ಸುಮಾರು 4:1ರಲ್ಲಿ ಕಂಡರೆ ಗಾಳಿ ಬರುತ್ತಿದೆ ಅಂತ ತಿಳಿಯುತ್ತೇವೆ. ಸೋರಿಕೆ ಟ್ರ್ಯಾಪಿಗಿಂತ ಹಿಂದೆ, ಅಂದರೆ ಸಿಲಿಂಡರ್ ಕಡೆ, ಇದ್ದರೆ ಆಕ್ಸಿಜನ್ನನ್ನು ಟ್ರ್ಯಾಪೇ ನುಂಗುತ್ತದೆ, 32 ಕಾಣುವುದೇ ಇಲ್ಲ. ಬರೀ 28 ಇದೆ, ಸಿಲಿಂಡರೇ ಸರಿ ಇಲ್ಲ ಅನ್ನಿಸಿಬಿಡುತ್ತದೆ. ಆಗ ಮಾಸ್ 40 ನೋಡಬೇಕು. ಅದು ಆರ್ಗಾನ್. ಗಾಳಿಯಲ್ಲಿ ಅದರ ಪಾಲು 0.93%. ಈ ಟ್ರ್ಯಾಪ್‌ಗಳೂ, ಗೆಟರೂ ಅದನ್ನು ಮುಟ್ಟುವುದಿಲ್ಲ. ನಾನು ತೆಳ್ಳನೆ ಕೊಳವೆಯಿಂದ ಒಂದೊಂದೇ ಕೀಲಿನ ಸುತ್ತ ಆರ್ಗಾನ್ ಬಿಡುತ್ತೇನೆ. ಲೈನು ಉದ್ದ ಇದ್ದಷ್ಟೂ ತಡ ಆಗುತ್ತದೆ, ಆದ್ದರಿಂದ ಪ್ರತಿ ಕೀಲಿನ ಹತ್ತಿರವೂ ಕಾಯಬೇಕು. ಸೋರುವ ಕೀಲು ಬಂದಾಗ ಪರದೆಯಲ್ಲಿ 40 ಎದ್ದು ನಿಲ್ಲುತ್ತದೆ. ನಟ್ಟನ್ನು ಒಂಚೂರು ತಿರುಗಿಸಿದರೆ ಮತ್ತೆ ಕೂರುತ್ತದೆ.

ಗೆಟರ್ ನನಗೆ ತುಂಬಾ ಹಿಡಿಸಿದ ಸಾಧನ. ಒಳಗಿರುವುದು ಜಿರ್ಕೋನಿಯಂ ಮಿಶ್ರಲೋಹ. ಅದನ್ನು ನೂರಾರು ಡಿಗ್ರಿಗೆ ಬಿಸಿ ಮಾಡಿದರೆ ನೈಟ್ರೋಜನ್, ಆಕ್ಸಿಜನ್, ನೀರಾವಿ, ಕಾರ್ಬನ್ ಮೊನಾಕ್ಸೈಡ್ ಎಲ್ಲವೂ ಲೋಹದ ಜೊತೆ ಸೇರಿ ಅಲ್ಲೇ ಉಳಿದುಬಿಡುತ್ತವೆ. ಹೀಲಿಯಂ ಯಾವುದರ ಜೊತೆಗೂ ಸೇರದ ಅನಿಲ, ಹಾಗಾಗಿ ಆರಾಮಾಗಿ ದಾಟುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೋಗುವುದು ನಮಗೆ ದೊಡ್ಡ ಉಪಕಾರ. ಅದೂ ಮಾಸ್ 28ರಲ್ಲೇ ಬರುತ್ತದಲ್ವಾ? ಗೆಟರ್ ಹಾಕಿದ ಮೇಲೆ 28ರ ತಳಮಟ್ಟ ಇಳಿಯಿತು, ತೀರಾ ಕಡಿಮೆ ನೈಟ್ರೋಜನ್ ಇರುವ ಮಣ್ಣಿನ ಮಾದರಿಗಳಲ್ಲೂ ಅಳತೆಗಳು ಒಂದಕ್ಕೊಂದು ಹೊಂದತೊಡಗಿದವು. ಬೆಲೆ ಮಾತ್ರ ಜಾಸ್ತಿ. ಒಮ್ಮೆ ತುಂಬಿದರೆ ಮತ್ತೆ ಖಾಲಿ ಮಾಡಿ ಬಳಸುವ ಹಾಗಿಲ್ಲ, ಬದಲಾಯಿಸಲೇಬೇಕು. ಗಾಳಿ ಪೂರ್ತಿ ಹೊರಗೆ ಹೋಗುವ ತನಕ ಬಿಸಿ ಮಾಡಬಾರದು. ಬಿಸಿ ಗೆಟರಿಗೆ ಗಾಳಿ ನುಗ್ಗಿದರೆ ಅದು ಹಾಳಾಗುತ್ತದೆ. ಸಿಲಿಂಡರ್ ಬದಲಾಯಿಸುವಾಗ ಅದನ್ನು ಬೇರೆ ಮಾಡಿಡುವ ವಾಲ್ವುಗಳನ್ನು ಮೊದಲೇ ಹಾಕಿಸಿ.

ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಮುಳುಗಿಸಿದ ಮಾಲಿಕ್ಯುಲರ್ ಸೀವ್ (ಅತಿ ಸಣ್ಣ ರಂಧ್ರಗಳಲ್ಲಿ ಅನಿಲ ಹಿಡಿಯುವ ವಸ್ತು) ಕೊಡುವಷ್ಟು ಶುಭ್ರ ಹೀಲಿಯಂ ನನಗೆ ಬೇರೆ ಯಾವುದರಿಂದಲೂ ಸಿಗಲಿಲ್ಲ. −196 ಡಿಗ್ರಿಯಲ್ಲಿ ಅದು ಆರ್ಗಾನನ್ನೂ ಹಿಡಿಯುತ್ತದೆ. ಆದರೆ ದಿನವೂ ಅದರ ಚಾಕರಿ ಮಾಡಬೇಕು. ಫ್ಲಾಸ್ಕಿನಲ್ಲಿ ಮಟ್ಟ ಇಳಿದರೆ ಹಿಡಿದಿಟ್ಟದ್ದೆಲ್ಲ ಹೊರಬಂದು ತಳಮಟ್ಟ ಏರುತ್ತದೆ. ಎರಡೂ ಕಡೆ ವಾಲ್ವ್ ಮುಚ್ಚಿ ಬೆಚ್ಚಗಾಗಲು ಬಿಟ್ಟರೆ ಒಳಗೆ ಒತ್ತಡ ಏರಿ ಸಿಡಿಯಬಹುದು, ಸೇಫ್ಟಿ ವಾಲ್ವ್ ಬೇಕೇ ಬೇಕು. ಸೀವ್ ಬದಲು ಇದ್ದಿಲು ತುಂಬುವವರಿದ್ದಾರೆ. ಗಾಳಿ ಸೋರಿ ಒಳಗೆ ಆಕ್ಸಿಜನ್ ಶೇಖರವಾದರೆ ಇದ್ದಿಲಿನ ಜೊತೆ ಅದು ಸ್ಫೋಟಕ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ನಮ್ಮಲ್ಲಿ ಎರಡೂ ಯಂತ್ರಗಳಿಗೆ 5.0 ಸಿಲಿಂಡರೇ ಬರುತ್ತದೆ. ಜಿಸಿ-ಎಂಎಸ್‌ಗೆ ಟ್ರ್ಯಾಪ್ ಅಷ್ಟೇ. ಐಸೊಟೋಪ್ ಯಂತ್ರಕ್ಕೆ ಟ್ರ್ಯಾಪ್ ಮುಂಚೆ, ಗೆಟರ್ ಆಮೇಲೆ. ತೇವ, ಆಕ್ಸಿಜನ್ನಿನ ಹೊರೆಯನ್ನು ಅಗ್ಗದ ಟ್ರ್ಯಾಪ್ ಹೊರಲಿ, ಗೆಟರಿನ ಶಕ್ತಿ ನೈಟ್ರೋಜನ್ನಿಗೆ ಉಳಿಯಲಿ ಅಂತ. ಹೀಲಿಯಂ ಬೆಲೆ ನೋಡಿ ಹೈಡ್ರೋಜನ್ ಅಥವಾ ನೈಟ್ರೋಜನ್ ಕ್ಯಾರಿಯರಿಗೆ (ಮಾದರಿ ಹೊತ್ತೊಯ್ಯುವ ಅನಿಲಕ್ಕೆ) ಬದಲಾಗುವವರು ಒಂದು ಕೆಲಸ ಮರೆಯಬಾರದು. ಲೈನಿನಲ್ಲಿ ಹೀಲಿಯಂ ಗೆಟರ್ ಇದ್ದರೆ ಮೊದಲು ಅದನ್ನು ಬಿಚ್ಚಿ ಪಕ್ಕಕ್ಕಿಡಿ. ಆ ಲೋಹ ಈ ಎರಡನ್ನೂ ಹೀರಿಕೊಳ್ಳುತ್ತದೆ, ಹೀರುವಾಗ ಬಿಸಿಯೇರುತ್ತದೆ, ಇಡೀ ಹರಿವೇ ಅದರ ಮೇಲೆ ಬಿದ್ದರೆ ಅಪಾಯ.