ಮನೆಯಲ್ಲೇ ಮಾಡಿದ ಡಿಶ್‌ವಾಷರ್ ಪುಡಿ: ಬೋರ್ ನೀರಿನವರು ದಯವಿಟ್ಟು ಓದಿ

ಮನೆಯಲ್ಲಿ ಡಿಶ್‌ವಾಷರ್ ಇದೆಯಾ? ಬರುವುದು ಬೋರ್ ನೀರೋ ಟ್ಯಾಂಕರ್ ನೀರೋ ಆಗಿದ್ದರೆ, ವಾಟ್ಸಾಪ್‌ನಲ್ಲಿ ಓಡಾಡುವ ಆ ಪುಡಿಯ ರೆಸಿಪಿಯನ್ನು ದಯವಿಟ್ಟು ಮುಟ್ಟಬೇಡಿ. ವಾಷಿಂಗ್ ಸೋಡಾ, ಅಡುಗೆ ಸೋಡಾ, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಒಂದಿಷ್ಟು ಪುಡಿ ಉಪ್ಪು, ಅಷ್ಟೇ ಸಾಕು ಅಂತ ಬರೆದಿರುತ್ತಾರೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಇದನ್ನೇ ಬಳಸಿ ಗಾಜಿನ ಲೋಟಗಳು ಹಾಳಾದವು, ಕುಕ್ಕರ್ ಕಪ್ಪಾಯಿತು, ಕೊನೆಗೆ ಮೆಷಿನ್ನೇ ರಿಪೇರಿಗೆ ಬಂತು.

ಮೊದಲ ಕೆಲವು ಸಲ ಪಾತ್ರೆ ನಿಜಕ್ಕೂ ಚೆನ್ನಾಗಿ ಬರುತ್ತೆ. ಅದನ್ನು ನೋಡಿಯೇ ಜನ ಇನ್ನೊಬ್ಬರಿಗೆ ರೆಸಿಪಿ ಕಳಿಸೋದು. ಆಮೇಲೆ ಸ್ಟೀಲ್ ತಟ್ಟೆ ಒಣಗಿದಾಗ ಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿರುತ್ತೆ, ಬೆರಳಲ್ಲಿ ಎಳೆದರೆ ಗೆರೆ ಮೂಡುತ್ತೆ. ಪುಡಿ ಸಾಲಲಿಲ್ಲವೇನೋ ಅಂತ ಇನ್ನೊಂದು ಚಮಚ ಜಾಸ್ತಿ ಹಾಕಿದರೆ ಬಿಳುಪೂ ಜಾಸ್ತಿಯಾಗುತ್ತೆ.

ಕಾರಣ ಇರೋದು ನೀರಿನಲ್ಲಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತೆ. ವಾಷಿಂಗ್ ಸೋಡಾ ಸೇರಿದ ಕೂಡಲೇ ಅದು ಸುಣ್ಣದ ಪುಡಿಯಾಗಿ ನೀರಿನಿಂದ ಬೇರೆಯಾಗಿ ಪಾತ್ರೆಯ ಮೇಲೆ ಕೂರುತ್ತೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದಾಗ 600ರ ತನಕ ಪರವಾಗಿಲ್ಲ ಅನ್ನುತ್ತೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ. ಬೆಂಗಳೂರಿನಲ್ಲಿ ಕಾವೇರಿ ನೀರು ಮೃದು. ಬೋರ್ ನೀರು ಎಷ್ಟೋ ಬಡಾವಣೆಗಳಲ್ಲಿ 200 ದಾಟಿಯೇ ಇರುತ್ತೆ. ಹಾಗಾಗಿ ಕಾವೇರಿ ನೀರಿನ ಮನೆಯವರು ‘ನಮಗೇನೂ ಆಗಿಲ್ಲ’ ಅಂದರೆ ಅವರ ಮಟ್ಟಿಗೆ ಅದು ನಿಜವೇ ಇರಬಹುದು, ನಿಮ್ಮ ನೀರಿಗೆ ಅದು ಅನ್ವಯಿಸಲ್ಲ.

ನಿಂಬೆ ಉಪ್ಪು ಹಾಕಿದೀವಲ್ಲ, ಅದು ಸುಣ್ಣವನ್ನು ಕರಗಿಸಲ್ವಾ? ಬರೀ ನಿಂಬೆ ಉಪ್ಪಾದರೆ ಕರಗಿಸುತ್ತೆ. ಸೋಡಾ ಜೊತೆ ನೀರಿಗೆ ಬಿದ್ದರೆ ಬುಸ್ ಅಂತ ಉಕ್ಕಿ ಅಲ್ಲಿಗೇ ಮುಗಿಯಿತು, ಹುಳಿಯ ಶಕ್ತಿಯೆಲ್ಲ ಸೋಡಾ ತಿಂದುಬಿಡುತ್ತೆ. ಡಬ್ಬಿಯಲ್ಲಿ ಸ್ವಲ್ಪ ತೇವ ಸೇರಿದರೂ ಇದೇ ಕಥೆ. ನಮ್ಮ ಡಬ್ಬಿಯಲ್ಲಿ ಪುಡಿ ಕಲ್ಲಿನಂತೆ ಗಟ್ಟಿಯಾಗಿತ್ತು, ಒಳಗೆ ಗ್ಯಾಸ್ ತುಂಬಿ ಮುಚ್ಚಳ ಉಬ್ಬಿತ್ತು. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟವರು ಇವತ್ತೇ ಸಡಿಲ ಮಾಡಿ.

ಲೋಟದ ಮೇಲಿನ ಮಬ್ಬು ಯಾವುದು ಅಂತ ತಿಳಿಯೋಕೆ ನಿಂಬೆಹೋಳಿನಿಂದ ಉಜ್ಜಿ, ತೊಳೆದು ಒಣಗಿಸಿ ನೋಡಿ. ಹೋದರೆ ಅದು ಬರೀ ಸುಣ್ಣ. ಹೋಗದಿದ್ದರೆ ಗಾಜಿನ ಮೈಯೇ ಸವೆದಿದೆ ಅಂತ ಅರ್ಥ, ಅದಕ್ಕೆ ಮದ್ದಿಲ್ಲ. ನಮ್ಮ ಅತ್ತೆ ಜೋಪಾನವಾಗಿ ಇಟ್ಟುಕೊಂಡಿದ್ದ ಲೋಟಗಳು ಹೀಗೇ ಹೋದವು. ದುಡ್ಡು ಕೊಟ್ಟರೂ ಅವು ವಾಪಸ್ ಬರಲ್ಲ.

ಅಲ್ಯೂಮಿನಿಯಂ ಕುಕ್ಕರ್, ಇಡ್ಲಿ ತಟ್ಟೆಗಳಿಗೆ ಸೋಡಾದಂಥ ಕ್ಷಾರ ಆಗಿಬರಲ್ಲ. ಅಂಗಡಿ ಪುಡಿಯಲ್ಲೂ ಅವು ಕಪ್ಪಾಗುತ್ತವೆ, ಅವನ್ನು ಕೈಯಲ್ಲೇ ತೊಳೆಯೋದು ಒಳ್ಳೆಯದು.

ಇನ್ನು ಅಂಟುವಾಳ. ರಾಸಾಯನಿಕ ಬೇಡ, ಇದನ್ನು ಪುಡಿ ಮಾಡಿ ಸೇರಿಸಿ ಅಂತ ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟಿದ್ದರು. ಅಂಟುವಾಳ ಒಳ್ಳೆಯದೇ, ತಲೆಗೂ ಬಟ್ಟೆಗೂ. ಆದರೆ ಡಿಶ್‌ವಾಷರ್‌ಗೆ ನೊರೆ ಬರುವ ಯಾವುದೂ ಸೇರಬಾರದು. ಮೆಷಿನ್ ಪಾತ್ರೆಯನ್ನು ಉಜ್ಜಲ್ಲ, ಪಂಪಿನಿಂದ ನೀರನ್ನು ಜೋರಾಗಿ ಚಿಮ್ಮಿಸುತ್ತೆ. ಪಂಪಿಗೆ ನೊರೆ ಹೋದರೆ ಗಾಳಿ ಸೇರಿ ನೀರು ಮೇಲೇರಲ್ಲ. ನಮ್ಮಲ್ಲಿ ಬಾಗಿಲಿನ ಸಂದಿಯಿಂದ ನೊರೆ ಹೊರಗೆ ಬಂತು, ತಳದ ಟ್ರೇಗೆ ನೀರು ಇಳಿಯಿತು, ಮೆಷಿನ್ ತಾನಾಗಿಯೇ ನಿಂತುಬಿಟ್ಟಿತು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೂ ಇದೇ ಗತಿ.

ರಿಪೇರಿಗೆ ಬಂದವರು ನೀರು ಚಿಮ್ಮಿಸುವ ರೆಕ್ಕೆಯನ್ನು ಬಿಚ್ಚಿ ಸಿಂಕ್‌ನಲ್ಲಿ ಕುಟ್ಟಿದರು. ಸುಣ್ಣದ ಚೂರುಗಳು ಉದುರಿದವು. ಅರ್ಧಕ್ಕರ್ಧ ತೂತು ಮುಚ್ಚಿಹೋಗಿದ್ದವು, ಹಲ್ಲುಕಡ್ಡಿ ಹಾಕಿ ಒಂದೊಂದೇ ಬಿಡಿಸಿದರು. ಬೇರೆ ಪುಡಿ ಹಾಕಿದ್ದಕ್ಕೆ ವಾರಂಟಿ ಅನ್ವಯಿಸಲ್ಲ ಅಂತಲೂ ಹೇಳಿದರು.

ಅಂಗಡಿ ಪುಡಿಯಲ್ಲಿ ಅಂಥದ್ದೇನಿದೆ ಅಂತೀರಾ? ಎಂಜೈಮ್ ಇದೆ. ಒಂದು ಗಂಜಿಯನ್ನು ಒಡೆಯುತ್ತೆ, ಇನ್ನೊಂದು ಬೇಳೆ, ಹಾಲು, ಮೊಟ್ಟೆಯ ಅಂಟನ್ನು ಬಿಡಿಸುತ್ತೆ. ಮುದ್ದೆ ಕಟ್ಟಿದ ಪಾತ್ರೆ, ಬಿಸಿಬೇಳೆಬಾತ್ ಒಣಗಿದ ತಟ್ಟೆ ಸೋಡಾಕ್ಕೆ ಬಗ್ಗಲ್ಲ. ಅರಿಸಿನದ ಕಲೆ ತೆಗೆಯುವ ಬ್ಲೀಚ್ ಇದೆ, ಕ್ಯಾಲ್ಸಿಯಂ ಕೂರದಂತೆ ಹಿಡಿದಿಡುವ ಪದಾರ್ಥ ಇದೆ. ಮೊದಲು ಈ ಕೆಲಸವನ್ನು ಫಾಸ್ಫೇಟ್ ಮಾಡುತ್ತಿತ್ತು. ಅದು ಕೆರೆ, ಹೊಳೆಗಳನ್ನು ಕೆಡಿಸುತ್ತೆ ಅಂತ 2010ರಲ್ಲಿ ಅಮೆರಿಕದ ಹಲವು ರಾಜ್ಯಗಳು ತೆಗೆಸಿದಾಗ, ದೊಡ್ಡ ಕಂಪನಿಗಳ ಪುಡಿಗೂ ಬಿಳಿ ಮಬ್ಬಿನ ದೂರು ಬಂದಿತ್ತು. ಲ್ಯಾಬ್ ಇಟ್ಟುಕೊಂಡವರಿಗೇ ಕಷ್ಟವಾದ ಕೆಲಸ ನಾಲ್ಕು ಡಬ್ಬಿ ಬೆರೆಸಿದರೆ ಆಗುತ್ತಾ?

ಉಪ್ಪಿನ ವಿಷಯವೂ ಹೇಳಿಬಿಡುತ್ತೇನೆ. ಉಪ್ಪಿಗೆ ಮೆಷಿನ್ನಿನ ತಳದಲ್ಲಿ ಬೇರೆಯೇ ಜಾಗ ಇದೆ. ಅಲ್ಲಿ ಡಿಶ್‌ವಾಷರ್ ಉಪ್ಪನ್ನೇ ಹಾಕಬೇಕು, ಅಡುಗೆ ಉಪ್ಪಲ್ಲ. ನೀರನ್ನು ಮೃದು ಮಾಡುವ ಭಾಗಕ್ಕೆ ಬೇಕಾದದ್ದು ಅದು. ಪುಡಿಯಲ್ಲಿ ಬೆರೆಸಿದ ಉಪ್ಪು ಆ ಕೆಲಸ ಮಾಡಲ್ಲ, ಸುಮ್ನೆ ಸ್ಟೀಲಿಗೆ ತುಕ್ಕು ತರುತ್ತೆ. ಮ್ಯಾನ್ಯುಯಲ್ ನೋಡಿ ನಿಮ್ಮ ನೀರಿಗೆ ತಕ್ಕಂತೆ ಗಡಸುತನದ ಸೆಟ್ಟಿಂಗ್ ಇಟ್ಟುಕೊಳ್ಳಿ. ಅಂಗಡಿ ಪುಡಿ ಕಡಿಮೆ ಸಾಕಾಗುತ್ತೆ, ಉಳಿತಾಯ ಅಲ್ಲಿದೆ.

ಈಗಾಗಲೇ ಮಾಡಿಟ್ಟ ಪುಡಿ ಇದ್ದರೆ ಸಿಂಕ್ ಉಜ್ಜೋಕೆ ಬಳಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ, ನೋಡೋಕೆ ಸಕ್ಕರೆ ಥರಾನೇ ಇರುತ್ತೆ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಬಾತ್‌ರೂಮ್ ಕ್ಲೀನರ್ ಜೊತೆ ಮಾತ್ರ ಬೆರೆಸಬೇಡಿ. ನಿಂಬೆ ಉಪ್ಪಿನ ಹುಳಿ ಅದಕ್ಕೆ ತಗುಲಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ.