ಇಂಗ್ಲೆಂಡಿನ ಹೊಲದಲ್ಲಿ ಕಾಡು ಪಾರಿವಾಳ: ಆಗಸ್ಟ್ ಕೂಳೆಯೋ, ಜನವರಿ ರೇಪ್‌ಸೀಡೋ?

ಕಾಡು ಪಾರಿವಾಳವನ್ನು ಬಂದೂಕಿನಿಂದ ಹೊಡೆಯಲು ಮೊದಲ ಸಲ ಡಿಕಾಯ್ (ಹಕ್ಕಿಯನ್ನು ಸೆಳೆಯುವ ನಕಲಿ ಪಾರಿವಾಳ) ಇಡುವವರಿಗೆ ನಾನು ಹೇಳುವುದು ಆಗಸ್ಟ್. ಗೋಧಿ, ಬಾರ್ಲಿ ಕಟಾವಾದ ಕೂಳೆಯಲ್ಲಿ ಉದುರಿದ ಕಾಳಿಗೆ ಪಾರಿವಾಳ ತಾನಾಗಿಯೇ ಬರುತ್ತದೆ. ನಸುಕಿನಲ್ಲಿ ಏಳಬೇಕಿಲ್ಲ, ಮಧ್ಯಾಹ್ನದ ನಂತರ ಹೋದರೂ ಸಾಕು. ಹತ್ತು-ಹನ್ನೆರಡು ಡಿಕಾಯ್, ಜೊತೆಗೆ ಬ್ಯಾಟರಿಯಲ್ಲಿ ತಿರುಗುವ ಮ್ಯಾಗ್ನೆಟ್, ಅಂದರೆ ಡಿಕಾಯ್‌ಗಳನ್ನು ಹಾರುವಂತೆ ಸುತ್ತಿಸುವ ಯಂತ್ರ.

ಜನವರಿಯ ರೇಪ್‌ಸೀಡ್ (ಸಾಸಿವೆ ಜಾತಿಯ ಎಣ್ಣೆಬೀಜದ ಬೆಳೆ) ಬೇರೆ ಕಥೆ. ಎಲೆಯಲ್ಲಿ ಶಕ್ತಿ ಕಡಿಮೆ, ಹಗಲೂ ಚಿಕ್ಕದು, ಹಾಗಾಗಿ ಹಕ್ಕಿ ದಿನವಿಡೀ ಮೇಯುತ್ತದೆ. ಆದರೆ ಬರುವುದು ದೊಡ್ಡ ಹಿಂಡು. ನಾಲ್ಕು ಡಿಕಾಯ್ ಇಟ್ಟರೆ ತಿರುಗಿಯೂ ನೋಡಲ್ಲ, ಜಾಸ್ತಿ ಬೇಕು. ಮ್ಯಾಗ್ನೆಟ್ ಕಂಡು ಬೆದರುವುದೂ ಉಂಟು. ಒಂದು ಗುಂಡು ಹಾರಿಸಿದರೆ ಇಡೀ ಹಿಂಡು ಪಕ್ಕದ ಹೊಲಕ್ಕೆ ಹಾರುತ್ತದೆ. ಅಲ್ಲೂ ಯಾರಾದರೂ ಎಬ್ಬಿಸುತ್ತಿದ್ದರೆ ವಾಪಸ್ ಬಂದೀತು.

ಜೋಡಣೆ ಎರಡಕ್ಕೂ ಒಂದೇ. ಮರೆಯಲ್ಲಿ ಕೂತಾಗ ಗಾಳಿ ಬೆನ್ನಿಗಿರಲಿ, ಏಕೆಂದರೆ ಪಾರಿವಾಳ ಗಾಳಿಗೆ ಎದುರಾಗಿ ಇಳಿಯುತ್ತದೆ. ಸುಮಾರು 20 ಮೀಟರ್ ಮುಂದೆ ಕುದುರೆ ಲಾಳದ ಆಕಾರದಲ್ಲಿ ಡಿಕಾಯ್ ಇಟ್ಟು, ಲಾಳದ ಬಾಯಿಯನ್ನು ಹಕ್ಕಿ ಬರುವ ಕಡೆಗೆ ಬಿಡಿ. ಎಲ್ಲವನ್ನೂ ಸಾಲಾಗಿ ಒಂದೇ ದಿಕ್ಕಿಗೆ ತಿರುಗಿಸಬೇಡಿ, ಮೆರವಣಿಗೆಯಂತೆ ಕಾಣುತ್ತದೆ.

ಕಾನೂನಿಗೆ ಬಂದರೆ ರೇಪ್‌ಸೀಡ್ ಸಲೀಸು. ಜನರಲ್ ಲೈಸೆನ್ಸ್ (ಪ್ರತ್ಯೇಕ ಅರ್ಜಿ ಇಲ್ಲದೆ ಷರತ್ತಿನ ಮೇಲೆ ಹಕ್ಕಿ ಹೊಡೆಯಲು ಇರುವ ಸರ್ಕಾರಿ ಅನುಮತಿ) ಇರುವುದು ಬೆಳೆಗೆ ಗಂಭೀರ ಹಾನಿ ತಡೆಯಲು, ಕೂಳೆಯಲ್ಲಿ ಬೆಳೆಯೇ ಇಲ್ಲ ಅಲ್ವಾ? ಸುತ್ತಲಿನ ಯಾವ ಬೆಳೆ ಉಳಿಸಲು ಹೊರಟಿದ್ದೀರಿ, ಬೆದರಿಸುವ ಉಪಾಯ ಏಕೆ ಸಾಲಲಿಲ್ಲ ಎಂದು ರೈತರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.